ನಾರು ತೊಳೆಯುವ ಸುಳಿ: ಕಿರಿದಾದ ಜಾಗಕ್ಕೆ ಹೈಡ್ರೋಸೈಕ್ಲೋನ್ ವಿನ್ಯಾಸ

(ಮಂಗಳೂರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಮಾನ್ಯ ಪ್ರಾಧ್ಯಾಪಕರೇ, ವಿದ್ಯಾರ್ಥಿ ಮಿತ್ರರೇ,

ಕುದುರೆಮುಖದಿಂದ ಪಣಂಬೂರಿಗೆ ಸುಮಾರು 67 ಕಿ.ಮೀ. ಕೊಳವೆಯಲ್ಲಿ ಅದಿರಿನ ಕೆಸರು ಹರಿದುಬರುತ್ತಿದ್ದ ಕಾಲವನ್ನು ನಿಮ್ಮ ಮನೆಯ ಹಿರಿಯರು ಕಂಡಿದ್ದಾರೆ. ಹಾಗಾಗಿ, ನೀರಿನ ಸುಳಿಯಿಂದ ಕಣಗಳನ್ನು ಬೇರ್ಪಡಿಸುವ ಹೈಡ್ರೋಸೈಕ್ಲೋನ್ ಎಂದೊಡನೆ ಈ ಊರಿನವರಿಗೆ ಅದಿರು ನೆನಪಾದರೆ ಆಶ್ಚರ್ಯವಿಲ್ಲ. ನಾನು ಇಂದು ಮಾತನಾಡುವುದು ಕಾಗದದ ನಾರಿನ ಬಗ್ಗೆ. ಪಾತ್ರೆ ಅದೇ; 1891ರಲ್ಲಿ ಅಮೆರಿಕದಲ್ಲಿ ಬ್ರೆಟ್ನಿ ಎಂಬಾತ ಪೇಟೆಂಟ್ ಪಡೆದ ಶಂಕು. ನೀರು ಬದಿಯಿಂದ ನುಗ್ಗಿ ಸುಳಿಯಾಗುತ್ತದೆ, ಭಾರದ ಕಣ ಗೋಡೆಗೆ ಸರಿದು ತುದಿಯಿಂದ ಹೊರಬೀಳುತ್ತದೆ, ಉಳಿದದ್ದು ನಡುವಿನಿಂದ ಮೇಲೇರುತ್ತದೆ. ಆದರೆ ಅದಿರಿನಲ್ಲಿ ಕಲಿತದ್ದನ್ನು ಹಾಗೆಯೇ ನಾರಿಗೆ ಹಚ್ಚಲು ಹೋದರೆ ಕೆಲಸ ಕೆಡುತ್ತದೆ.

ಗುಜರಿ ಅಂಗಡಿಯಿಂದ ಮಿಲ್ಲಿಗೆ ಬರುವ ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆಗಳ ಜೊತೆಗೆ ಸ್ಟೇಪಲ್ ಪಿನ್ನು, ಮರಳು, ಮುರಕಲ್ಲಿನ ಕೆಂಪು ಹುಡಿ, ಪ್ಲಾಸ್ಟಿಕ್ ಚೂರು ಎಲ್ಲವೂ ಬರುತ್ತವೆ. ಘನ ಸೆಂಟಿಮೀಟರಿಗೆ ಉಕ್ಕು 7.8 ಗ್ರಾಂ ತೂಗುತ್ತದೆ, ಮರಳು 2.65, ನಾರಿನ ಗೋಡೆಯ ಸೆಲ್ಯುಲೋಸ್ ಸುಮಾರು 1.5. ನೀರು ಕುಡಿದು ಉಬ್ಬಿದ ನಾರಂತೂ ನೀರಿನ ಸಾಂದ್ರತೆಗೆ ಇನ್ನಷ್ಟು ಹತ್ತಿರ ಬರುತ್ತದೆ. ಲೆಕ್ಕದ ಪ್ರಕಾರ ಮರಳು ಸುಲಭವಾಗಿ ಬೇರೆಯಾಗಬೇಕು. ಆಗದಿರುವುದಕ್ಕೆ ಕಾರಣ ನಾರಿನ ಹೆಣಿಗೆ. ಒಂದೆರಡು ಮಿಲಿಮೀಟರ್ ಉದ್ದದ, ಕೂದಲಿಗಿಂತ ತೆಳುವಾದ ನಾರುಗಳು ಒಂದಕ್ಕೊಂದು ತೊಡರಿಕೊಂಡು ಬಲೆಯಾಗುತ್ತವೆ. ಹಸಿ ತೆಂಗಿನ ನಾರಿನ ಉಂಡೆಗೆ ಸಿಕ್ಕಿದ ಮರಳನ್ನು ಕೊಡವಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಗದದ ಮಿಲ್ಲಿನಲ್ಲಿ ಈ ಶಂಕುವಿಗೆ ಕ್ಲೀನರ್ ಎನ್ನುತ್ತೇವೆ. ಹೆಣಿಗೆಯ ಕಾರಣದಿಂದಲೇ ಸಣ್ಣ ಕ್ಲೀನರ್‌ಗಳಿಗೆ ಹೋಗುವ ಪಲ್ಪನ್ನು, ಅಂದರೆ ನಾರು ಬೆರೆತ ನೀರನ್ನು, ಶೇ. 1ಕ್ಕಿಂತ ತೆಳುವಾಗಿಸುತ್ತೇವೆ. ಶೇ. 0.8 ಎಂದರೆ ಲೀಟರಿಗೆ ಬರೀ 8 ಗ್ರಾಂ ನಾರು; ಮಿಕ್ಕದ್ದು ನೀರು.

ಇನ್ನು ಗಾತ್ರ. ಕಣವನ್ನು ಹೊರಕ್ಕೆ ತಳ್ಳುವ ವೇಗೋತ್ಕರ್ಷ, ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. 4 ಸೆಂ.ಮೀ. ತ್ರಿಜ್ಯದಲ್ಲಿ ಸೆಕೆಂಡಿಗೆ 5 ಮೀಟರ್ ವೇಗವಿದ್ದರೆ ಅದು ಗುರುತ್ವದ 60 ಪಟ್ಟನ್ನು ಮೀರುತ್ತದೆ. ಅದೇ ವೇಗದಲ್ಲಿ ವ್ಯಾಸವನ್ನು ಅರ್ಧ ಮಾಡಿದರೆ ಬಲ ದುಪ್ಪಟ್ಟು, ಆದರೆ ಒಂದರ ಕೆಲಸಕ್ಕೆ ನಾಲ್ಕು ಕ್ಲೀನರ್ ಬೇಕು. ನಾಲ್ಕಕ್ಕೂ ಕೊಳವೆ, ಕವಾಟ, ಕೀಲು. ಹೀಗೆ ಬೆಳೆದ ಕ್ಲೀನರ್ ಸಾಲು ಒಂದಿಡೀ ಮಹಡಿಯನ್ನು ನುಂಗಿದ್ದನ್ನು ಹಳೆಯ ಮಿಲ್ಲುಗಳಲ್ಲಿ ಕಾಣಬಹುದು. ಇದಕ್ಕೆ ಸಿಕ್ಕ ಉತ್ತರವೇ ಒಂದು ದೊಡ್ಡ ಉಕ್ಕಿನ ಡಬ್ಬಿಯೊಳಗೆ ಹತ್ತಾರು ಕ್ಲೀನರ್‌ಗಳನ್ನು ತಟ್ಟೆಗಳ ನಡುವೆ ಸಿಕ್ಕಿಸಿ, ಒಳಬರುವ ಪಲ್ಪಿಗೊಂದು, ಒಳ್ಳೆಯದಕ್ಕೊಂದು, ಕಸಕ್ಕೊಂದು ಎಂದು ಮೂರು ಕೋಣೆ ಮಾಡುವ ವಿನ್ಯಾಸ. ಕೊಳವೆಯ ಕಾಡು ಮಾಯವಾಗುತ್ತದೆ, ಗಾಳಿಯೂ ಸೇರುವುದಿಲ್ಲ.

ಎಷ್ಟು ಕ್ಲೀನರ್ ಬೇಕು? ದಿನಕ್ಕೆ 50 ಟನ್ ನಾರಿನ ಮಿಲ್ಲು ಎಂದಿಟ್ಟುಕೊಳ್ಳಿ. ಪ್ರತಿ ಹಂತದಲ್ಲೂ ಕಸದ ಜೊತೆ ಶೇ. 20ರಷ್ಟು ನಾರೂ ಹೊರಹೋಗುತ್ತದೆ. ಅದನ್ನು ಚೆಲ್ಲಲಾಗದು, ತೆಳು ಮಾಡಿ ಎರಡನೆಯ ಹಂತಕ್ಕೆ, ಅಲ್ಲಿಂದ ಮೂರನೆಯದಕ್ಕೆ ಕಳುಹಿಸುತ್ತೇವೆ. ಪ್ರತಿ ಹಂತದ ಒಳ್ಳೆಯ ಪಲ್ಪು ಹಿಂದಿನ ಹಂತದ ಬಾಯಿಗೆ ಮರಳುತ್ತದೆ. ಮೊದಲ ಹಂತವನ್ನು 50 ಟನ್ನಿಗೆ ಅಳೆಯುವವರು ಈ ಮರಳುವ ಹರಿವನ್ನು ಮರೆತಿರುತ್ತಾರೆ. ಸಮೀಕರಣ ಬಿಡಿಸಿದರೆ ಅಲ್ಲಿ ಹರಿಯುವುದು ಸುಮಾರು 62 ಟನ್. ಕೊನೆಗೆ ನಷ್ಟವಾಗುವುದು 0.6 ಟನ್. ಶೇ. 0.8ರಲ್ಲಿ 62 ಟನ್ ಎಂದರೆ ಗಂಟೆಗೆ ಸುಮಾರು 320 ಘನ ಮೀಟರ್. ಒಂದು ಕ್ಲೀನರ್ ನಿಮಿಷಕ್ಕೆ 120 ಲೀಟರ್ ಎಳೆದರೆ ಮೊದಲ ಹಂತಕ್ಕೇ 45 ಬೇಕು. ಒತ್ತಡದ ಇಳಿಕೆ 1.5 ಬಾರ್ ಎಂದರೆ, ಶೇ. 70 ದಕ್ಷತೆಯ ಪಂಪಿಗೆ ಹತ್ತಿರ ಹತ್ತಿರ 19 ಕಿಲೋವ್ಯಾಟ್. ತೆಳು ಮಾಡಲು ಕಾಗದ ಯಂತ್ರದಿಂದ ಸೋಸಿ ಬಂದ ನೀರೇ ಇದೆ. ಕುಡಿಯುವ ನೀರಿಗಾಗಿ ತುಂಬೆ ಅಣೆಕಟ್ಟಿನ ಮಟ್ಟವನ್ನು ಬೇಸಿಗೆಯಿಡೀ ಲೆಕ್ಕ ಹಾಕುವ ಊರಿನಲ್ಲಿ ಇದಕ್ಕೆ ಹೊಸ ನೀರು ಸುರಿಯುವ ಮಾತೇ ಬೇಡ. ಆ ನೀರು ಬೆಚ್ಚಗಿರುವುದೂ ಲಾಭವೇ: 20 ಡಿಗ್ರಿಗಿಂತ 45 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ ಸುಮಾರು ಶೇ. 40 ಕಡಿಮೆ, ಕಣ ಗೋಡೆಗೆ ಬೇಗ ಸೇರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವ್ಯವಸ್ಥೆಯನ್ನು ಕಿರಿದಾಗಿಸುವಾಗ ಎಲ್ಲರ ಕಣ್ಣೂ ನೆಲದ ಅಳತೆಯ ಮೇಲಿರುತ್ತದೆ. ನನ್ನ ಕಣ್ಣು ಶಂಕುವಿನ ತುದಿಯ ಮೇಲೆ. ಈ ಮೇಜಿನ ಮೇಲಿರುವ ಸೆರಾಮಿಕ್ ತುದಿಯ ರಂಧ್ರದಲ್ಲಿ ನಿಮ್ಮ ಕಿರುಬೆರಳೂ ತೂರಲಾರದು. ಮೊದಲ ಹಂತದಲ್ಲಿ ಹರಿವಿನ ಶೇ. 10, ನಾರಿನ ಶೇ. 20 ಈ ದಾರಿಯಲ್ಲಿ ಹೋದರೆ ತುದಿಯಲ್ಲಿ ಪಲ್ಪು ಶೇ. 1.6ಕ್ಕೆ ದಪ್ಪವಾಗಿರುತ್ತದೆ. ನಾರು ಉಳಿಸುವ ಆಸೆಗೆ ರಂಧ್ರ ಕಿರಿದು ಮಾಡಿ ಹರಿವನ್ನು ಶೇ. 5ಕ್ಕೆ ಇಳಿಸಿದಿರಿ, ನಾರು ಶೇ. 15ಕ್ಕೆ ಇಳಿಯಿತು ಎನ್ನಿ. ಆಗ ದಪ್ಪ ಶೇ. 2.4. ಅಷ್ಟಾದರೆ ಹೆಣಿಗೆ ಬಿಗಿದು ತುದಿ ಕಟ್ಟಿಕೊಳ್ಳುತ್ತದೆ. ಕಟ್ಟಿದ ಕ್ಲೀನರ್ ನಿಲ್ಲುವುದಿಲ್ಲ, ಅದೇ ತೊಂದರೆ: ಕೊಳಕು ಪಲ್ಪನ್ನೇ ಒಳ್ಳೆಯದರ ಜೊತೆ ಮೇಲಕ್ಕೆ ಕಳುಹಿಸುತ್ತಿರುತ್ತದೆ. ಹಳೆಯ ಸಾಲಿನಲ್ಲಿ ಪ್ರತಿ ತುದಿಗೂ ಒಂದು ಗಾಜಿನ ತುಂಡು ಇರುತ್ತಿತ್ತು, ಆಪರೇಟರ್ ಟಾರ್ಚ್ ಹಿಡಿದು ನೋಡುತ್ತಿದ್ದ. ಡಬ್ಬಿಯೊಳಗಿನ 45ರಲ್ಲಿ ಮೂರು ಕಟ್ಟಿದರೆ ಒಟ್ಟು ಒತ್ತಡದ ಮುಳ್ಳು ಅಲುಗಿದ್ದೂ ತಿಳಿಯುವುದಿಲ್ಲ.

ಹೀಗಾಗಿ ನನ್ನ ಪಟ್ಟು ಇಷ್ಟು. ಡಬ್ಬಿಗೆ ಮುಂಚೆ ಒತ್ತಡದ ಜರಡಿ ಇರಲೇಬೇಕು. ತುದಿಗಿಂತ ದೊಡ್ಡ ಚೂರು ಒಳಗೆ ಬರಬಾರದು. ತುದಿಯ ಬಳಿ ಸ್ವಲ್ಪ ನೀರು ಹಾಯಿಸುವ ವ್ಯವಸ್ಥೆಯಿದ್ದರೆ ನಾರು ತೊಳೆದು ಒಳಸರಿಯುತ್ತದೆ, ಕಟ್ಟುವುದೂ ತಪ್ಪುತ್ತದೆ. ಹಂಚುವ ಕೋಣೆಯ ಒತ್ತಡ ನಷ್ಟ ಕ್ಲೀನರ್‌ನ ಒತ್ತಡ ಇಳಿಕೆಯ ಮುಂದೆ ನಗಣ್ಯವಾಗಿರಬೇಕು, ಇಲ್ಲವಾದರೆ ದೂರದ ಕ್ಲೀನರ್‌ಗಳು ಸೊರಗುತ್ತವೆ. ಜಾಗ ಹೋದರೂ ಸರಿ, ಡಬ್ಬಿಯನ್ನು ಎರಡಾಗಿ ಒಡೆದು, ಒಂದನ್ನು ತೆರೆದಾಗ ಇನ್ನೊಂದು ಓಡುವಂತೆ ಮಾಡಿ. ಮಾರಾಟಗಾರರಿಗೆ ಇದು ಹಿಡಿಸುವುದಿಲ್ಲ. ಕೊನೆಯ ಹಂತದಲ್ಲಿ ಮರಳು ಅತಿ ಹೆಚ್ಚು, ಸವೆತವೂ ಅಲ್ಲೇ. ಅಲ್ಲಿ ಮಾತ್ರ ಡಬ್ಬಿ ಬೇಡ. ಕಣ್ಣಿಗೆ ಕಾಣುವ, ದೊಡ್ಡ ರಂಧ್ರದ, ಬಿಡಿ ಕ್ಲೀನರ್‌ಗಳನ್ನೇ ಇಡಿ. ಪಾಲಿಥೀನಿನಂತಹ ಪ್ಲಾಸ್ಟಿಕ್ ಮತ್ತು ಮೇಣ ನೀರಿಗಿಂತ ಹಗುರವಾದ್ದರಿಂದ ಈ ಕ್ಲೀನರ್‌ಗಳಿಗೆ ಸಿಗುವುದಿಲ್ಲ, ಅವಕ್ಕೆ ನಡುವಿನಿಂದ ಕಸ ತೆಗೆಯುವ ಬೇರೆ ಕ್ಲೀನರ್ ಇದೆ.

ತುದಿಗಳನ್ನು ಹಿಂದಿನ ಸಾಲಿನವರೆಗೂ ಕಳುಹಿಸುತ್ತೇನೆ. ಹೊಸದನ್ನೂ ಸವೆದದ್ದನ್ನೂ ಬೆರಳಿನಿಂದ ತಡವಿ ನೋಡಿ, ಆಮೇಲೆ ಪ್ರಶ್ನೆ ಕೇಳಿ.