ಓಣಿಯ ಗುಟ್ಟು ಯಾರಿಗೆ ಗೊತ್ತಿಲ್ಲ?

ಎಲ್ಲರಿಗೂ ನಮಸ್ಕಾರ. ವಿಜಯಪುರದ ಹಳೇ ಓಣಿಗಳನ್ನು ಇಟ್ಟುಕೊಂಡು ಪತ್ತೇದಾರಿ ಕಾದಂಬರಿ ಬರೆಯೋರು ಮೊದಲು ಕೈ ಹಾಕೋದು ಸುರಂಗಕ್ಕೆ. ಸುರಂಗ, ಅದರೊಳಗೆ ನಿಧಿ, ಕಾವಲಿಗೊಂದು ಹಾವು. ಓದುಗ ಮೂರನೇ ಪುಟಕ್ಕೇ ಆಕಳಿಸುತ್ತಾನೆ.

ಸುರಂಗ ಇಲ್ಲ ಅಂತಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ಊರಿಗೆ ನೀರು ಬರುತ್ತಿದ್ದದ್ದೇ ನೆಲದಡಿಯ ಸುರಂಗದಲ್ಲಿ. ಬೇಗಂ ತಲಾಬ್ ಅನ್ನೋ ಕೆರೆಯಿಂದ ಮಣ್ಣಿನ ಕೊಳವೆ ಹಾಕಿದ್ದರು, ದಾರಿಯುದ್ದಕ್ಕೂ ಗಂಜ್ ಅನ್ನೋ ಗೋಪುರ ಕಟ್ಟಿದ್ದರು. ನೀರಿನ ಒತ್ತಡ ತಗ್ಗಲಿ, ಕೆಸರು ತಳಕ್ಕೆ ಕೂರಲಿ ಅಂತ. ಈಗ ನೋಡಿ, 1686. ಔರಂಗಜೇಬನ ದಂಡು ಕೋಟೆಯ ಹೊರಗೆ ಕೂತಿದೆ, ಊರೊಳಗೆ ಒಂದೇ ಒಂದು ಓಣಿಗೆ ನೀರು ನಿಂತುಹೋಗಿದೆ, ಪಕ್ಕದ ಓಣಿಗೆ ಮಾತ್ರ ಬರುತ್ತಲೇ ಇದೆ. ಯಾವ ಗಂಜಿನ ಹತ್ತಿರ ತಡೆದಿದ್ದಾರೆ? ಕೊಳವೆ ಹೋದ ಜಾಡು ಬಲ್ಲವರು ಕೆಲವೇ ಜನ, ಅವರೂ ಇದೇ ಓಣಿಯವರು! ನಿಧಿಯೂ ಬೇಡ, ಹಾವೂ ಬೇಡ.

ನಾನು ಹೇಳೋದು ಇಷ್ಟೇ. ಹಳೇ ಓಣಿಯಲ್ಲಿ ಗುಟ್ಟು ಯಾರಿಗೂ ಗೊತ್ತಿಲ್ಲ ಅನ್ನೋದೇ ಇರಲ್ಲ, ಎಲ್ಲರಿಗೂ ಗೊತ್ತಿರುತ್ತೆ, ಬಾಯಿ ಬಿಡೋರು ಇರಲ್ಲ. ಯಾರ ಬಾಗಿಲು ಎಷ್ಟು ಹೊತ್ತಿಗೆ ಕಿರುಗುಟ್ಟಿತು ಅನ್ನೋದು ಎದುರು ಮನೆ ಅಜ್ಜಿಗೆ ಮಲಗಿದ್ದಲ್ಲೇ ತಿಳಿಯುತ್ತೆ. ಹೊರಗಿಂದ ಬಂದ ಇನ್ಸ್‌ಪೆಕ್ಟರ್, "ನಿನ್ನೆ ರಾತ್ರಿ ಯಾರರ ಬಂದಿದ್ರೇನ್ರಿ?" ಅಂತ ಕೇಳಿದರೆ, "ಮೊದಲ ಚಾ ಕುಡೀರಿ ಸಾಹೇಬ್ರ" ಅನ್ನೋದೇ ಉತ್ತರ. ಎರಡನೇ ಮನೆಯಲ್ಲೂ ಚಾ. ಮೂರನೇ ಮನೆಯಲ್ಲಿ ಕೇಳೋ ಮೊದಲೇ ಚಾ ಬಂದರೆ ಓದುಗನ ಎದೆ ಹೊಡ್ಕೊಳ್ಳಬೇಕು.

ಗೋಳಗುಮ್ಮಟದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಅದನ್ನು ಕೆಡಿಸಿದಷ್ಟು ಬೇರೆ ಯಾವುದನ್ನೂ ಕೆಡಿಸಿಲ್ಲ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಇಬ್ಬರು ಕೊಲೆಯ ಸಂಚು ಹೂಡುತ್ತಾರಂತೆ. ಅಲ್ರೀ, ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೂ ಆಚೆ ಬದಿಯವನಿಗೆ ಕೇಳಿಸೋ ಜಾಗದಲ್ಲಿ ಯಾರಾದ್ರೂ ಸಂಚು ಮಾಡ್ತಾರಾ? ಹಗಲಲ್ಲಂತೂ ಸ್ಕೂಲ್ ಮಕ್ಕಳ ಕೂಗು, ಚಪ್ಪಾಳೆ. ಒಂದು ಸದ್ದು ಹತ್ತಾಗಿ ವಾಪಸ್ ಬರುತ್ತೆ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ, ಏಳು ಅಂತಸ್ತಿನ ಮೂಲೆ ಗೋಪುರದ ಮೆಟ್ಟಿಲು ಹತ್ತಿ ಒಬ್ಬಳೇ ಹುಡುಗಿ ಮೇಲೆ ಹೋಗಲಿ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಆಚೆ ಬದಿಯ ಮಸುಕಲ್ಲಿ ಯಾರೂ ಕಾಣ್ತಿಲ್ಲ. ಆದರೆ ಅವಳ ಕಿವಿ ಪಕ್ಕದಲ್ಲೇ ಯಾರೋ ಅವಳ ಹೆಸರು ಹೇಳಿದರು. ಕೆಳಗಿಳಿಯೋಕೆ ಮತ್ತೆ ಅದೇ ಇಕ್ಕಟ್ಟು ಮೆಟ್ಟಿಲು. ಇಷ್ಟು ಸಾಕು, ಹೆಣ ಯಾಕೆ ಬೇಕು?

ಕೊನೆಗೊಂದು, ನಮ್ಮ ವಿಜಯಪುರದ ಸಾಠ್ ಕಬರ್, ಅಂದ್ರೆ ಅರವತ್ತು ಗೋರಿ. 1659ರಲ್ಲಿ ಶಿವಾಜಿ ಮೇಲೆ ದಂಡೆತ್ತಿ ಹೊರಟ ಆದಿಲ್‌ಶಾಹಿ ಸರದಾರ ಅಫ್ಜಲ್ ಖಾನ್, ವಾಪಸ್ ಬರಲ್ಲ ಅಂತ ಜೋಯಿಸರು ಹೇಳಿದ್ದಕ್ಕೆ ತನ್ನ ಹೆಂಡಿರನ್ನೆಲ್ಲ ಕೊಂದ ಅಂತ ಜನ ಹೇಳ್ತಾರೆ. ಅವನು ಸತ್ತದ್ದು ಪ್ರತಾಪಗಡದಲ್ಲಿ, ಸಮಾಧಿಯೂ ಅಲ್ಲೇ. ಇಲ್ಲಿ ಸಾಲುಸಾಲು ಒಂದೇ ಥರದ ಗೋರಿ. ಕೊಂದವನು ಯಾರು, ಯಾಕೆ ಅನ್ನೋದನ್ನು ದಂತಕಥೆ ಮೊದಲೇ ಹೇಳಿಬಿಟ್ಟಿದೆ. ಆ ಕಥೆಯನ್ನು ಮೊದಲು ಹಬ್ಬಿಸಿದವರು ಯಾರು, ಅದರಿಂದ ಯಾರಿಗೆ ಲಾಭ ಆಯ್ತು ಅಂತ ಹುಡುಕುತ್ತಾ ಹೋಗೋ ಕಾದಂಬರಿ ಯಾರಾದರೂ ಬರೀರಿ, ಮೊದಲ ಪ್ರತಿ ನಾನೇ ತಗೋತೀನಿ. ಈಗ ನಿಮ್ಮ ಪ್ರಶ್ನೆ ಕೇಳಿ.