ಕಸದ ಗುಡ್ಡದ ಕಪ್ಪು ನೀರಿಗೆ ಜೊಂಡಿನ ಪಾತಿ: ಗಿಡಕ್ಕಿಂತ ಮೊದಲು ಮಾಡಬೇಕಾದ ಕೆಲಸ

ಯಲಹಂಕದ ಆಚೆಗಿರೋ ಮಾವಳ್ಳಿಪುರದಲ್ಲಿ ಬೆಂಗಳೂರಿನ ಕಸ ಸುರಿಯೋದು ನಿಂತಿದ್ದು 2012ರಲ್ಲಿ. ಲಾರಿ ನಿಂತ ಮಾತ್ರಕ್ಕೆ ಕಸದ ಗುಡ್ಡದ ಬುಡದಲ್ಲಿ ಒಸರೋ ಕಪ್ಪು ನೀರು ನಿಲ್ಲಲ್ಲ. ಮಳೆ ಇಳಿದಷ್ಟೂ ಅದು ಬರ್ತಾನೇ ಇರುತ್ತೆ, ವರ್ಷಗಟ್ಟಲೆ. ಲೀಚೇಟ್ ಅನ್ನೋದು ಇದನ್ನೇ. ಜಲ್ಲಿ ತುಂಬಿದ ಪಾತಿಯಲ್ಲಿ ಜೊಂಡಿನಂಥ ನೀರುಗಿಡ ನೆಟ್ಟು, ಅದರ ಮೂಲಕ ಹರಿಸಿ ಇದನ್ನ ತಿಳಿ ಮಾಡಬಹುದಾ ಅಂದ್ರೆ, ಮಾಡಬಹುದು. ಆದರೆ ಗಿಡದ ಸರದಿ ಕೊನೆಗೆ.

ಯಾಕೆ ಅಂತ ನೋಡಿ. ಹಳೇ ಗುಡ್ಡದ ಲೀಚೇಟ್‌ನಲ್ಲಿ ದೊಡ್ಡ ತಲೆನೋವು ಅಮೋನಿಯ. ಲೀಟರಿಗೆ 500 ಮಿಲಿಗ್ರಾಂ ಅನ್ನೋದು ಅಲ್ಲಿ ಸಾಮಾನ್ಯ, 1000 ದಾಟೋದೂ ಉಂಟು. 200 ದಾಟಿದ ಮೇಲೆ ಗಟ್ಟಿ ಜೊಂಡೂ ಸೊರಗೋಕೆ ಶುರು ಮಾಡುತ್ತೆ. ಇದರ ಜೊತೆಗೆ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ) ಆಟ ಬೇರೆ. 25 ಡಿಗ್ರಿ ಬಿಸಿಯಲ್ಲಿ, ಬೇರಿಗೆ ನಿಜವಾಗಿ ವಿಷವಾಗೋ ಬಿಡಿ ಅಮೋನಿಯದ ಪಾಲು ಪಿಎಚ್ 7ರಲ್ಲಿ ನೂರಕ್ಕೆ ಒಂದೂ ಇರಲ್ಲ. 8ರಲ್ಲಿ ಸುಮಾರು 5, 9ರಲ್ಲಿ 36. ಹಳೇ ಲೀಚೇಟ್ ಹೆಚ್ಚಾಗಿ 8ರ ಆಸುಪಾಸಲ್ಲೇ ಇರುತ್ತೆ. ಹಾಗಾಗಿ ಬರೀ ಅಮೋನಿಯ ಅಳೆದು ಸುಮ್ಮನಾದರೆ ಸಾಲದು, ಪಿಎಚ್ ಕೂಡ ಜೊತೆಗೇ ಅಳೀರಿ.

ಇನ್ನೊಂದು ಲೆಕ್ಕ. ದಿನಕ್ಕೆ 1000 ಲೀಟರ್ ಲೀಚೇಟ್, ಲೀಟರಿಗೆ 500 ಮಿಲಿಗ್ರಾಂ ಅಮೋನಿಯ ಸಾರಜನಕ ಅಂದ್ರೆ ದಿನಕ್ಕೆ 500 ಗ್ರಾಂ ಸಾರಜನಕ ಬಂತು. ಚೆನ್ನಾಗಿ ಬೆಳೆದ ಜೊಂಡು ಒಂದು ಚದರ ಮೀಟರಿನಲ್ಲಿ ದಿನಕ್ಕೆ ಹೀರೋದು ಅರ್ಧ ಗ್ರಾಂ ಆಸುಪಾಸು. 42 ಚದರ ಮೀಟರ್ ಪಾತಿ ಇದ್ರೆ 20 ಗ್ರಾಂ ಚಿಲ್ಲರೆ. ಉಳಿದದ್ದಕ್ಕೆಲ್ಲ ಬ್ಯಾಕ್ಟೀರಿಯಾಗಳೇ ಗತಿ. ಗಿಡ ಅವುಗಳಿಗೆ ಬೇರಿನ ಸುತ್ತ ಜಾಗ ಕೊಡುತ್ತೆ, ಒಂಚೂರು ಗಾಳಿನೂ ಇಳಿಸುತ್ತೆ. "ಗಿಡ ವಿಷ ಕುಡಿಯುತ್ತೆ" ಅನ್ನೋ ಮಾತು ಕೇಳೋಕೆ ಚೆಂದ, ಅಷ್ಟೇ.

ಬ್ಯಾಕ್ಟೀರಿಯಾಗೆ ಬೇಕಾದ ಗಾಳಿ ಸ್ವಲ್ಪ ಅಲ್ಲ. ಒಂದು ಗ್ರಾಂ ಅಮೋನಿಯ ಸಾರಜನಕವನ್ನ ನೈಟ್ರೇಟ್ ಮಾಡೋಕೆ 4.57 ಗ್ರಾಂ ಆಮ್ಲಜನಕ ಬೇಕು; ನಮ್ಮ 500 ಗ್ರಾಂಗೆ ಸುಮಾರು 2.3 ಕೆಜಿ. ಜಲ್ಲಿ ಪಾತಿಯೊಳಗೆ ಅಷ್ಟು ಗಾಳಿ ಇಳಿಯಲ್ಲ. ಅದಕ್ಕೇ ಮೊದಲು ಒಂದು ತಂಗುವ ತೊಟ್ಟಿ, ಆಮೇಲೆ ಬ್ಲೋವರ್ ಹಾಕಿದ ಗಾಳಿ ತೊಟ್ಟಿ, ಅದರ ಕೆಸರು ಕೂರೋಕೆ ಇನ್ನೊಂದು, ಕೊನೆಗೆ ಗಿಡದ ಪಾತಿ. ಬ್ಯಾಕ್ಟೀರಿಯಾ ಬೆಳೆಯೋಕೆ ಬೇಕಾದ ರಂಜಕ ಲೀಚೇಟ್‌ನಲ್ಲಿ ಬಹಳ ಕಡಿಮೆ ಇರುತ್ತೆ. ಬ್ಲೋವರ್ ಓಡ್ತಿದ್ರೂ ತೊಟ್ಟಿ ಕೆಲಸ ಮಾಡ್ತಿಲ್ಲ ಅಂದ್ರೆ ಮೊದಲು ರಂಜಕ ಪರೀಕ್ಷೆ ಮಾಡ್ಸಿ. ಪಿಎಚ್ ದಿಢೀರ್ ಕುಸಿದ್ರೆ ಕ್ಷಾರ ಮುಗಿದಿದೆ ಅಂತ ಅರ್ಥ: ಪ್ರತಿ ಗ್ರಾಂ ಸಾರಜನಕಕ್ಕೆ 7 ಗ್ರಾಂಗೂ ಹೆಚ್ಚು ಕ್ಷಾರ ಖರ್ಚಾಗುತ್ತೆ. ಒಂದು ಎಚ್ಚರಿಕೆ: ಮುಚ್ಚಿದ ಲೀಚೇಟ್ ಗುಂಡಿಗೆ ಯಾರೂ ಇಳಿಯಬೇಡಿ. ಹೈಡ್ರೋಜನ್ ಸಲ್ಫೈಡ್ ಅನಿಲ ಜೀವ ತೆಗೆಯುತ್ತೆ.

ಈಗ ಪಾತಿ. 1000 ಲೀಟರ್, 10 ದಿನ ತಂಗಬೇಕು, ಜಲ್ಲಿ ಸಂದಿನಲ್ಲಿ ನೂರಕ್ಕೆ 40 ಪಾಲು ಖಾಲಿ ಜಾಗ, ನೀರಿನ ಆಳ 60 ಸೆಂಟಿಮೀಟರ್ ಅಂತ ಹಿಡಿದರೆ 42 ಚದರ ಮೀಟರ್ ಆಯ್ತು. 14 ಮೀಟರ್ ಉದ್ದ, 3 ಮೀಟರ್ ಅಗಲ ಇಟ್ಕೊಳ್ಳಿ. ತಳಕ್ಕೆ ನೀರು ಇಳಿಯದ 1.5 ಎಂಎಂ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ. ಅದರ ಕೆಳಗೆ ಚೂಪು ಕಲ್ಲು ಒಂದೂ ಉಳಿಯಬಾರದು. ನೀರು ಬರೋ ಕಡೆ ಮತ್ತು ಹೋಗೋ ಕಡೆ 40–60 ಎಂಎಂ ಕಲ್ಲು, ನಡುವೆ 20 ಎಂಎಂ ಜಲ್ಲಿ. ಜಲ್ಲಿನ ತೊಳೆದೇ ಹಾಕಿ. ಕ್ರಷರ್ ಪುಡಿ ಒಳಗೆ ಸೇರಿದ್ರೆ ಪಾತಿ ಬೇಗ ಕಟ್ಟಿಕೊಳ್ಳುತ್ತೆ. ಹೊರಹೋಗೋ ಪೈಪಿಗೆ ತಿರುಗಿಸೋಕೆ ಬರೋ ಎಲ್ಬೋ ಕೂರಿಸಿ, ನೀರನ್ನ ಜಲ್ಲಿ ಮಟ್ಟಕ್ಕಿಂತ 5 ಸೆಂಟಿಮೀಟರ್ ಕೆಳಗೇ ನಿಲ್ಲಿಸಿ. ಸೊಳ್ಳೆಗೆ ಜಾಗ ಸಿಗಲ್ಲ.

ಗಿಡಕ್ಕೆ ಹುಡುಕಾಟ ಬೇಡ. ಕೆರೆ ಅಂಚಿನ ಜೊಂಡಿನ ಗೆಡ್ಡೆ, ಚದರ ಮೀಟರಿಗೆ 4. ಉಪ್ಪು ಜಾಸ್ತಿ ಇರೋ ಕಡೆ ಲಾವಂಚ ಒಳ್ಳೇದು. ತೇಲೋ ವಾಟರ್ ಹಯಸಿಂತ್ ಬೇಡವೇ ಬೇಡ. ಮಳೆಗಾಲದಲ್ಲಿ ತುಂಬಿ ಹರಿದು ಪಕ್ಕದ ಕೆರೆ ಸೇರಿದ್ರೆ ಆ ಕೆರೆಯ ಕಥೆ ಮುಗೀತು. ನೆಟ್ಟ ಮೇಲೆ ಒಂದು ತಿಂಗಳಾದ್ರೂ ಒಳ್ಳೇ ನೀರು ಕೊಡಿ. ಚಿಗುರು ಬಂದ ಮೇಲೆ ನೂರಕ್ಕೆ 10 ಪಾಲು, ಆಮೇಲೆ 25, 50 ಅಂತ ಲೀಚೇಟ್ ಬೆರೆಸ್ತಾ ಹೋಗಿ. ಎಲೆ ತುದಿ ಸುಟ್ಟ ಹಾಗೆ ಆದ್ರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.

ಒಳಬರೋ ಪೈಪಲ್ಲಿ ಕೆಂಪು ಲೋಳೆ ಕಟ್ಟೇ ಕಟ್ಟುತ್ತೆ: ಲೀಚೇಟ್‌ನ ಕಬ್ಬಿಣ ಗಾಳಿ ಸೋಕಿದ ಕೂಡಲೇ ಹೀಗಾಗುತ್ತೆ. ಹಾಗಾಗಿ ಪೈಪಿನ ತುದಿಗೆ ಬಿಚ್ಚಿ ತೊಳೆಯೋ ಕ್ಯಾಪ್ ಇರಲಿ.

ಬೇಸಿಗೆಯಲ್ಲಿ ಫಲಿತಾಂಶ ನೋಡಿ ಬೆಚ್ಚಬೇಡಿ. ಸಿಒಡಿ (ನೀರಲ್ಲಿರೋ ಕೊಳೆಯನ್ನ ರಾಸಾಯನಿಕದಿಂದ ಕರಗಿಸೋಕೆ ಬೇಕಾಗೋ ಆಮ್ಲಜನಕದ ಅಳತೆ) ಲೀಟರಿಗೆ 800 ಮಿಲಿಗ್ರಾಂ ಒಳಹೋಗಿ 600 ಹೊರಬಂತು ಅನ್ನಿ. ಕಾಲು ಭಾಗ ಮಾತ್ರ ಕಡಿಮೆಯಾದ ಹಾಗೆ ಕಾಣುತ್ತೆ. ಆದರೆ 1000 ಲೀಟರ್ ಹೋಗಿ ಆಚೆ ಬಂದಿದ್ದು 600 ಲೀಟರ್ ಮಾತ್ರ ಅಂದ್ರೆ, 800 ಗ್ರಾಂನಲ್ಲಿ ಉಳಿದಿದ್ದು 360 ಗ್ರಾಂ. ಮಿಕ್ಕ ನೀರು ಎಲೆಯಿಂದ ಆವಿಯಾಗಿ ಹೋಗಿದೆ. ಹಾಗಾಗಿ ಹರಿವು ಅಳೆಯದೆ ಬರೀ ಲ್ಯಾಬ್ ವರದಿ ನಂಬೋದು ತಪ್ಪು. ಮಳೆಗಾಲದಲ್ಲಿ ಇದು ತಿರುಗುಮುರುಗು: ನೀರು ಬೆರೆತು ಅಂಕಿ ಚೆಂದ ಕಾಣುತ್ತೆ, 10 ದಿನದ ತಂಗುವಿಕೆ ಮಾತ್ರ 4–5 ದಿನಕ್ಕೆ ಇಳಿದಿರುತ್ತೆ. ಗುಡ್ಡದ ಸುತ್ತ ಮಳೆನೀರಿನ ಕಾಲುವೆ ಬೇರೆಯಾಗಿ ತೆಗೆದಿರಬೇಕು.

ಕೊಯ್ದ ಜೊಂಡನ್ನ ದನಕ್ಕೆ ಹಾಕಬೇಡಿ. ಲೋಹ ಹೆಚ್ಚಾಗಿ ಬೇರಲ್ಲೇ ನಿಂತರೂ ಎಲೆಗೂ ಸ್ವಲ್ಪ ಏರಿರುತ್ತೆ. ಪರೀಕ್ಷೆ ಮಾಡಿಸದೆ ಗೊಬ್ಬರವನ್ನೂ ಮಾಡಬೇಡಿ.

2016ರ ಘನತ್ಯಾಜ್ಯ ನಿಯಮಗಳು ಹಳ್ಳ-ಕೆರೆಗೆ ಬಿಡೋ ಲೀಚೇಟ್‌ಗೆ ಹಾಕಿದ್ದ ಮಿತಿ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ: ಬಿಒಡಿ (ಕೊಳೆ ತಿನ್ನೋಕೆ ಬ್ಯಾಕ್ಟೀರಿಯಾಗೆ ಬೇಕಾಗೋ ಆಮ್ಲಜನಕ) 30, ಸಿಒಡಿ 250, ಅಮೋನಿಯ ಸಾರಜನಕ 50. ಬಿಒಡಿ, ಅಮೋನಿಯ ಈ ತೊಟ್ಟಿ-ಪಾತಿಗಳ ಸಾಲಿನಿಂದ ಹಿಡಿತಕ್ಕೆ ಬರುತ್ತೆ. ಕಂದು ಬಣ್ಣ ಕೊಡೋ ಹ್ಯೂಮಿಕ್ ಅಂಶ ಬ್ಯಾಕ್ಟೀರಿಯಾಗೂ ಬೇಡ, ಗಿಡಕ್ಕೂ ಬೇಡ. ಸಿಒಡಿ 250ಕ್ಕೆ ಇಳಿಯದೆ ಸತಾಯಿಸೋದು ಅದರಿಂದಲೇ. ಆಗ ಕೊನೆಗೆ ಇದ್ದಿಲಿನ ಫಿಲ್ಟರ್ ಬೇಕು. ಅದೂ ಇಲ್ಲದಿದ್ರೆ ನೀರನ್ನ ಟ್ಯಾಂಕರ್‌ನಲ್ಲಿ ಲೀಚೇಟ್ ಸಂಸ್ಕರಣಾ ಘಟಕಕ್ಕೆ ಸಾಗಿಸಿ, ಚರಂಡಿಗೆ ಬಿಡಬೇಡಿ.