ಡೇರೆ ಗೆಡ್ಡೆ ಕೀಳುವ ಕಾಲ

ಕೇಳುಗರಿಗೆಲ್ಲ ನಮಸ್ಕಾರ.

ದೀಪಾವಳಿ ಕಳೆದು ಎರಡು ವಾರ ಆಯಿತು. ನಮ್ಮ ಸಾಗರ, ಹೊಸನಗರದ ಕಡೆ ಈಗ ಅಂಗಳ ಹೆರೆಯುವ ಸಮಯ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತಿದ್ದ ಅಂಗಳವನ್ನು ಹೆರೆದು, ತಟ್ಟಿ, ಸಗಣಿ ಸಾರಿಸಿ ಅಡಿಕೆ ಒಣಗಿಸಲು ಸಜ್ಜು ಮಾಡಬೇಕು. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾಯಿತು ಅಂದರೆ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅದಕ್ಕೆ ಮೊದಲು ಒಂದು ಕೆಲಸ ಮುಗಿಯಬೇಕು. ಅಂಗಳದ ಅಂಚಿನಲ್ಲಿರುವ ಡೇರೆ ಗಿಡಗಳ ಗೆಡ್ಡೆ ಕಿತ್ತು ಒಳಗಿಡಬೇಕು. ನಾಲ್ಕು ದಿನದಿಂದ ನಾನು ಅದನ್ನೇ ಮಾಡುತ್ತಿದ್ದೇನೆ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಡೇರೆ ಅಂದರೆ ಡೇಲಿಯಾ. ಪೇಟೆಯ ನರ್ಸರಿಯಲ್ಲಿ ಡೇಲಿಯಾ ಅನ್ನುತ್ತಾರೆ, ನಮ್ಮ ಬಾಯಲ್ಲಿ ಅದು ಡೇರೆ. ಮಲೆನಾಡಿನಲ್ಲಿ ಮಳೆಗಾಲ ಕಂಡವರಿಗೆ ಈ ಹೂವಿನ ಪರಿಚಯ ಹೇಳಬೇಕಾಗಿಲ್ಲ. ವಾರಗಟ್ಟಲೆ ಸೂರ್ಯನ ಮುಖ ಕಾಣದ ದಿನಗಳಲ್ಲಿ, ಎಲ್ಲ ಕಡೆ ಹಸಿರು ಮತ್ತು ಬೂದು ಎರಡೇ ಬಣ್ಣ ಇರುವಾಗ, ಅಂಗಳದ ಅಂಚಿನಲ್ಲಿ ಅಂಗೈಯಗಲದ ಹೂವು ಅರಳಿ ನಿಂತಿರುತ್ತದೆ. ಕೆಂಪು, ಹಳದಿ, ನೇರಳೆ, ಕೇಸರಿ, ಬಿಳಿ. ನಾವು ಶಾಲೆಗೆ ಹೋಗುವಾಗ ಒಂದು ಡೇರೆ ಹೂವು ಮುಡಿದರೆ ಸಾಕಾಗಿತ್ತು, ಅರ್ಧ ತಲೆ ತುಂಬುತ್ತಿತ್ತು. ಚೌತಿಗೆ ಗಣಪತಿಯ ಮುಂದೆಯೂ ಅದೇ.

ಹೂವು ಎಲ್ಲರೂ ನೋಡುತ್ತಾರೆ. ಗೆಡ್ಡೆ ಕೀಳುವವರನ್ನು ನೋಡುವವರು ಕಡಿಮೆ.

ಈ ವರ್ಷ ನಮ್ಮಲ್ಲಿ 62 ಬುಡ ಇದ್ದವು. ಒಂದು ಬುಡ ಸರಿಯಾಗಿ ಕೀಳಲು ಹತ್ತು ನಿಮಿಷ ಬೇಕು. ಗಿಡ ಒಣಗಿದ ಕೂಡಲೇ ಕೀಳಬಾರದು. ಕಾಂಡವನ್ನು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಒಂದೆರಡು ವಾರ ಹಾಗೇ ಬಿಡಬೇಕು. ಆಗ ಗೆಡ್ಡೆಯ ಸಿಪ್ಪೆ ಬಲಿಯುತ್ತದೆ, ಮೊಳಕೆ ಬರುವ ಕಣ್ಣುಗಳು ಉಬ್ಬುತ್ತವೆ. ಆದರೆ ನಮ್ಮ ಊರಲ್ಲಿ ಚಿತ್ತಾ, ಸ್ವಾತಿ ಮಳೆ ಹೇಳಿ ಕೇಳಿ ಬರುವುದಿಲ್ಲ ಅಲ್ವಾ? ಡೇರೆಯ ಕಾಂಡ ಒಳಗೆ ಟೊಳ್ಳು, ಕೊಳವೆಯ ಹಾಗೆ. ಕತ್ತರಿಸಿದ ಮೇಲೆ ಮಳೆ ಬಿದ್ದರೆ ನೀರು ಆ ಕೊಳವೆಯಲ್ಲಿ ಇಳಿದು ನೇರ ಬುಡಕ್ಕೆ ಹೋಗುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕಿತ್ತು ನೋಡಿದರೆ ನಡು ಕೊಳೆತಿರುತ್ತದೆ. ಅದಕ್ಕೆ ನಾನು ಕತ್ತರಿಸಿದ ದಿನವೇ ಪ್ರತಿ ಕಾಂಡದ ಬಾಯಿಗೆ ಒಂದೊಂದು ಉಂಡೆ ಜಿಗುಟು ಮಣ್ಣು ಮೆತ್ತುತ್ತೇನೆ. 62 ಬುಡ, ಕೆಲವಕ್ಕೆ ಮೂರು ನಾಲ್ಕು ಕಾಂಡ. ಬಗ್ಗಿ ಬಗ್ಗಿ ಮೆತ್ತುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಆದರೂ ಬಿಡುವ ಹಾಗಿಲ್ಲ.

ಕೀಳುವಾಗ ಗುದ್ದಲಿಯನ್ನು ಬುಡದಿಂದ ಒಂದು ಅಡಿ ದೂರದಲ್ಲಿ ಊರಬೇಕು. ಸುತ್ತಲೂ ಮಣ್ಣು ಸಡಿಲ ಮಾಡಿ, ಕೆಳಗಿನಿಂದ ಹಾರೆ ಕೊಟ್ಟು ಮೆಲ್ಲಗೆ ಮೀಟಬೇಕು. ಕಾಂಡ ಹಿಡಿದು ಎಳೆಯಲೇಬಾರದು. ಹೊಸದಾಗಿ ಬೆಳೆಸುವವರು ತಪ್ಪುವುದೇ ಇಲ್ಲಿ. ಗೆಡ್ಡೆ ನೋಡಲು ಗೆಣಸಿನ ಗೊಂಚಲಿನ ಹಾಗಿರುತ್ತದೆ. ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣ. ಎಳೆದರೆ ಕುತ್ತಿಗೆ ಲಟಕ್ಕನೆ ಮುರಿಯುತ್ತದೆ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪ ಇದ್ದರೂ ಪ್ರಯೋಜನವಿಲ್ಲ.

ಯಾಕೆ ಅಂದರೆ ಇದು ಆಲೂಗಡ್ಡೆಯ ಜಾತಿಯಲ್ಲ. ಆಲೂಗಡ್ಡೆಯ ಮೈಮೇಲೆಲ್ಲ ಕಣ್ಣಿರುತ್ತದೆ. ಎಲ್ಲಿ ಕತ್ತರಿಸಿ ನೆಟ್ಟರೂ ಒಂದು ಕಣ್ಣು ಸಿಗುತ್ತದೆ. ಡೇರೆಯಲ್ಲಿ ಕಣ್ಣು ಗೆಡ್ಡೆಯ ಮೇಲೆ ಇರುವುದೇ ಇಲ್ಲ. ಹಳೆಯ ಕಾಂಡದ ಬುಡಕ್ಕೆ ಗೆಡ್ಡೆ ಅಂಟಿಕೊಂಡಿರುವ ಜಾಗದಲ್ಲಿ ಮಾತ್ರ ಇರುತ್ತದೆ, ರಾಗಿಕಾಳಿನಷ್ಟು ಗಾತ್ರ. ಪಾಲು ಮಾಡುವಾಗ ಪ್ರತಿ ಗೆಡ್ಡೆಯ ಜೊತೆ ಕಾಂಡದ ಬುಡದ ಒಂದು ಚೂರು, ಅದರ ಮೇಲೆ ಒಂದು ಕಣ್ಣು ಬರಲೇಬೇಕು. ಕಣ್ಣಿಲ್ಲದ ಗೆಡ್ಡೆ ನೆಟ್ಟರೆ ಮಣ್ಣೊಳಗೆ ತಿಂಗಳುಗಟ್ಟಲೆ ಗಟ್ಟಿಯಾಗಿಯೇ ಇರುತ್ತದೆ. ಬೇರು ಕೂಡ ಬಿಡಬಹುದು. ಚಿಗುರುವುದಿಲ್ಲ ಅಷ್ಟೆ.

ಇಷ್ಟೆಲ್ಲ ಕಷ್ಟ ಯಾಕೆ, ಬೀಜ ಹಾಕಿದರೆ ಆಗುವುದಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಬೀಜ ಹಾಕಿದರೆ ಡೇರೆ ಚೆನ್ನಾಗಿಯೇ ಹುಟ್ಟುತ್ತದೆ. ಆದರೆ ನೀವು ಬಯಸಿದ ಡೇರೆ ಹುಟ್ಟುವುದಿಲ್ಲ. ಬಹಳಷ್ಟು ಗಿಡಗಳಲ್ಲಿ ವಂಶವಾಹಿಗಳ ಎರಡು ಪ್ರತಿ ಇದ್ದರೆ, ತೋಟದ ಡೇರೆಯಲ್ಲಿ ಎಂಟು ಪ್ರತಿ. ಪ್ರತಿ ಬೀಜದಲ್ಲೂ ಅವು ಹೊಸದಾಗಿ ಕಲೆಯುತ್ತವೆ. ತಾಯಿ ಹೂವು ಕೆಂಪಿದ್ದರೆ ಮಗು ಹಳದಿಯಾಗಬಹುದು, ಎಸಳಿನ ಸುತ್ತು ಕಡಿಮೆಯಾಗಬಹುದು. ಈ ಗಿಡದ ಮೂಲ ಮೆಕ್ಸಿಕೋ ದೇಶ. 1789ರಲ್ಲಿ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ಸಸ್ಯತೋಟಕ್ಕೆ ಬಂತು. 1791ರಲ್ಲಿ ಅಲ್ಲಿನ ಕವನಿಲ್ಲೆಸ್ ಎಂಬ ಸಸ್ಯ ವಿಜ್ಞಾನಿ, ಸ್ವೀಡನ್ನಿನ ಆಂಡ್ರಿಯಾಸ್ ಡಾಲ್ ಎಂಬುವರ ಹೆಸರನ್ನು ಇದಕ್ಕೆ ಇಟ್ಟರು. ಆಮೇಲೆ ಬಂದ ಸಾವಿರಾರು ಬಗೆಗಳಲ್ಲಿ ಹೆಚ್ಚಿನವು ಬೀಜದ ಈ ಗುಣದಿಂದಲೇ ಬಂದವು. ಇಷ್ಟು ಬಣ್ಣ ಇದ್ದರೂ ಅಚ್ಚ ನೀಲಿ ಡೇರೆ ಮಾತ್ರ ಇವತ್ತಿಗೂ ಇಲ್ಲ.

ಹಾಗಾಗಿ, ಒಂದು ಹೂವು ಹಾಗೆಯೇ ಬೇಕು ಅಂದರೆ ಆ ಗಿಡವನ್ನೇ ಉಳಿಸಿಕೊಳ್ಳಬೇಕು. ಟೊಂಗೆ ನೆಟ್ಟರೂ ಬರುತ್ತದೆ, ಆದರೆ ಟೊಂಗೆ ಕೊಡಲು ಗೆಡ್ಡೆ ಇರಬೇಕಲ್ಲ. ನನ್ನ ಮನೆಯ ಗೆಡ್ಡೆ ನನ್ನ ಅತ್ತೆಯ ಗಿಡದ ಮಗುವಲ್ಲ, ಮೊಮ್ಮಗುವೂ ಅಲ್ಲ. ಅದೇ ಗಿಡ. ವರ್ಷಕ್ಕೊಮ್ಮೆ ಯಾರೋ ಒಬ್ಬರು ಕಿತ್ತು ನೆಟ್ಟದ್ದರಿಂದ ಉಳಿದುಕೊಂಡು ಬಂದ ಒಂದೇ ಗಿಡ. ಇದನ್ನು ನಾನು ತಿಳಿದುಕೊಂಡದ್ದು ಒಂದು ಗಿಡ ಕಳೆದುಕೊಂಡ ಮೇಲೆ. ಆ ಕತೆ ಹೇಳುತ್ತೇನೆ.

ನಮ್ಮಲ್ಲಿ ಒಂದು ಡೇರೆ ಇದೆ. ಕೆಂಪು ಎಸಳು, ಪ್ರತಿ ಎಸಳಿನ ತುದಿ ಬಿಳಿ. ಅದಕ್ಕೆ ನಮ್ಮ ಮನೆಯಲ್ಲಿ ಮುಳುಗಡೆ ಡೇರೆ ಅಂತಲೇ ಹೆಸರು. ನನ್ನ ಅತ್ತೆಯ ತವರು ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ಹಿನ್ನೀರಿನಲ್ಲಿ ಹೋದ ಊರುಗಳಲ್ಲಿ ಅದೂ ಒಂದು. ಊರು ಬಿಡುವ ಮೊದಲು ಅತ್ತೆ ಕೊನೆಯ ಬಾರಿ ತವರಿಗೆ ಹೋಗಿದ್ದರಂತೆ. ಮನೆಯ ಹಂಚು ಇಳಿಸುತ್ತಿದ್ದರಂತೆ, ಬಾಗಿಲು, ಕಂಬ ಬಿಚ್ಚಿ ಲಾರಿಗೆ ಹೇರುತ್ತಿದ್ದರಂತೆ. ಅವರ ತಾಯಿ ಆ ಗಡಿಬಿಡಿಯಲ್ಲೂ ಅಂಗಳಕ್ಕೆ ಹೋಗಿ ಒಂದು ಬುಡ ಡೇರೆ ಕಿತ್ತು, ಅಡಿಕೆ ಹಾಳೆಯಲ್ಲಿ ಸುತ್ತಿ, ಬಾಳೆ ಪಟ್ಟೆಯಲ್ಲಿ ಕಟ್ಟಿ ಮಗಳ ಕೈಗೆ ಕೊಟ್ಟರಂತೆ. ನಾನು 1987ರಲ್ಲಿ ಈ ಮನೆಗೆ ಸೊಸೆಯಾಗಿ ಬಂದೆ. ಮೊದಲ ಮಳೆಗಾಲದಲ್ಲೇ ಅತ್ತೆ ಆ ಗಿಡ ತೋರಿಸಿ ಈ ಮಾತು ಹೇಳಿದ್ದರು.

ಅಂಥ ಗೆಡ್ಡೆಯನ್ನು 2009ರಲ್ಲಿ ನಾನು ಕೊಳೆಸಿದೆ. ಆ ವರ್ಷ ಕೊನೆಕೊಯ್ಲಿನ ಅವಸರ. ಆಳು ಸಿಕ್ಕಿರಲಿಲ್ಲ. ಕಿತ್ತ ಗೆಡ್ಡೆಗಳನ್ನು ಎರಡು ದಿನವೂ ಆರಿಸದೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮೆಟ್ಟಿಲ ಕೆಳಗೆ ತಳ್ಳಿದೆ. ಯುಗಾದಿಯ ಹೊತ್ತಿಗೆ ಚೀಲ ಬಿಚ್ಚಿದರೆ ಹುಳಿ ವಾಸನೆ. ಗೆಡ್ಡೆ ಬೆವೆತು, ಆ ಬೆವರಿನಲ್ಲೇ ಬೆಂದು ಹೋಗಿದ್ದವು. ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಬೇರೆ ಬಣ್ಣದವು ಬುಟ್ಟಿಯಲ್ಲಿದ್ದವು, ಉಳಿದುಕೊಂಡವು. ಮುಳುಗಡೆ ಡೇರೆ ಒಂದೂ ಉಳಿಯಲಿಲ್ಲ.

ಅತ್ತೆಗೆ ಹೇಗೆ ಹೇಳಲಿ? ಎರಡು ದಿನ ಹೇಳಲಿಲ್ಲ. ಮೂರನೇ ದಿನ ಹೇಳಿದೆ. ಅವರು ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಬೆರಳು ಮಡಚಿ ಎಣಿಸತೊಡಗಿದರು. ಯಾರ ಮನೆಗೆ ಯಾವ ವರ್ಷ ಕೊಟ್ಟದ್ದು, ಯಾರು ಊರು ಬಿಟ್ಟರು, ಯಾರ ಮನೆಯ ಅಂಗಳಕ್ಕೆ ಸಿಮೆಂಟು ಬಿತ್ತು. ಐದನೇ ಬೆರಳಿಗೆ ನಿಲ್ಲಿಸಿ, "ರಿಪ್ಪನ್‌ಪೇಟೆ ಹತ್ತಿರದವರಿಗೆ ಒಂದು ಮದುವೆಮನೆಯಲ್ಲಿ ಕೊಟ್ಟಿದ್ದೆ. ಆ ಮನೆಯ ಹೆಂಗಸು ಗಿಡ ಬಿಡುವವಳಲ್ಲ. ಹೋಗಿ ಕೇಳು" ಅಂದರು.

ಬಸ್ಸು ಹಿಡಿದು ಹೋದೆ. ಮೇ ತಿಂಗಳ ಬಿಸಿಲು. ಆ ಅಕ್ಕ ನನ್ನನ್ನು ಮೊದಲು ಕಂಡವರಲ್ಲ. ವಿಷಯ ಹೇಳಿದ ಕೂಡಲೇ ಹಿತ್ತಿಲ ಚಾವಣಿಯ ಕೆಳಗೆ ಕರೆದುಕೊಂಡು ಹೋಗಿ, ಮರಳಿನ ಬುಟ್ಟಿಯಿಂದ ಒಂದು ಗೊಂಚಲು ತೆಗೆದರು. ಆಗಲೇ ಕೆಂಪು ಮೊಳಕೆ ಬಂದಿತ್ತು. "ಇದು ನಿಮ್ಮದೇ, ತಗೊಳ್ಳಿ. ನಿಮ್ಮತ್ತೆ ಕೊಟ್ಟದ್ದು" ಅಂದರು. ಮೂರು ಗೆಡ್ಡೆ ಬಿಡಿಸಿ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಆ ಮಳೆಗಾಲದಲ್ಲಿ ಮೊದಲ ಹೂವು ಬಿಟ್ಟಾಗ ನನ್ನ ಎದೆ ಧಸಕ್ಕೆಂದಿತು. ಪೂರ್ತಿ ಕೆಂಪು. ಬಿಳಿ ತುದಿಯೇ ಇಲ್ಲ. ಎರಡು ಬಣ್ಣದ ಡೇರೆಗಳಲ್ಲಿ ಹೀಗಾಗುವುದುಂಟು ಅಂತ ಆಗ ನನಗೆ ಗೊತ್ತಿರಲಿಲ್ಲ. ಎಸಳಿನ ತುದಿಯಲ್ಲಿ ಕೆಂಪು ಬಣ್ಣ ತಯಾರಾಗುವುದು ನಿಂತಿರುತ್ತದೆ, ಅದರಿಂದ ಬಿಳಿ. ಒಮ್ಮೊಮ್ಮೆ ಅದು ನಿಲ್ಲದೆ ಹೂವೆಲ್ಲ ಕೆಂಪಾಗುತ್ತದೆ. ಒಂದೇ ಗಿಡದಲ್ಲಿ ಎರಡೂ ಥರ ಬಿಡಬಹುದು. ವಾರ ಕಳೆದು ಎರಡನೇ ಮೊಗ್ಗು ಬಿರಿಯಿತು. ತುದಿ ಬಿಳಿ. ಅತ್ತೆಯನ್ನು ಕರೆದು ತೋರಿಸಿದೆ. ಅವರು ಮಳೆಯಲ್ಲೇ ಅಂಗಳಕ್ಕೆ ಇಳಿದು ಬಂದರು.

ಆಮೇಲಿಂದ ನಾನು ಗೆಡ್ಡೆ ಇಡುವ ಕ್ರಮ ಬದಲಿಸಿದೆ. ಕಿತ್ತ ಗೊಂಚಲನ್ನು ತೊಳೆಯುವುದಿಲ್ಲ, ಮಣ್ಣು ಕೊಡವುತ್ತೇನೆ ಅಷ್ಟೆ. ಕಾಂಡ ಕೆಳಗೆ ಮಾಡಿ ಜಗಲಿಯ ನೆರಳಿನಲ್ಲಿ ಮೂರು ದಿನ ಇಡುತ್ತೇನೆ. ಕೊಳವೆಯೊಳಗೆ ಉಳಿದ ನೀರೆಲ್ಲ ಬಸಿದು ಹೋಗುತ್ತದೆ. ಬಿಸಿಲಿಗೆ ಇಟ್ಟರೆ ಸುಕ್ಕುತ್ತದೆ. ಆಮೇಲೆ ಬುಟ್ಟಿಗೆ ಅಡಿಕೆ ಹಾಳೆ ಹಾಸಿ, ಒಣ ಮರಳಿಗೆ ಸ್ವಲ್ಪ ಬೂದಿ ಬೆರೆಸಿ, ಒಂದಕ್ಕೊಂದು ತಾಗದ ಹಾಗೆ ಜೋಡಿಸುತ್ತೇನೆ. ಅಟ್ಟದ ಮೇಲೆ ಇಡಬೇಡಿ. ಅಲ್ಲಿ ಶಾಖ ಜಾಸ್ತಿ, ಮಾರ್ಚ್ ಹೊತ್ತಿಗೆ ಗೆಡ್ಡೆ ಒಣಗಿ ಕಡ್ಡಿಯಾಗುತ್ತದೆ. ತಂಪಾದ ಕತ್ತಲೆ ಕೋಣೆ ಒಳ್ಳೆಯದು. ತಿಂಗಳಿಗೊಮ್ಮೆ ಕೈಯಾಡಿಸಿ ನೋಡಬೇಕು. ಮೆತ್ತಗಾದದ್ದು ತೆಗೆಯಬೇಕು, ಸುಕ್ಕು ಕಂಡರೆ ಮರಳಿನ ಮೇಲೆ ಒಂದು ಹನಿ ನೀರು ಚಿಮುಕಿಸಬೇಕು.

ಬಣ್ಣ ಮರೆಯದಿರಲು ಚೀಟಿ ಕಟ್ಟಿ ನೋಡಿದೆ. ಶಾಯಿ ಅಳಿಸುತ್ತದೆ, ಕಾಗದವನ್ನು ಗೆದ್ದಲು ತಿನ್ನುತ್ತದೆ. ಈಗ ಬಟ್ಟೆಯ ಚೂರು ಕಟ್ಟುತ್ತೇನೆ. ಹಳದಿ ಹೂವಿಗೆ ಹಳದಿ ರವಿಕೆಯ ಚೂರು, ನೇರಳೆಗೆ ನೇರಳೆ. ಮುಳುಗಡೆ ಡೇರೆಗೆ ಕೆಂಪು ಬಿಳಿ ಎರಡೂ ಹೊಸೆದ ದಾರ.

ಇನ್ನೊಂದು ಮಾತು ಹೇಳಲೇಬೇಕು. ಮಳೆಗಾಲದಲ್ಲೇ ಗಿಡಗಳ ಎಲೆ ನೋಡಿಡಿ. ಎಲೆಯ ನರದ ಉದ್ದಕ್ಕೂ ಹಳದಿ ಗೆರೆ ಎದ್ದು, ಗಿಡ ಗಿಡ್ಡವಾಗಿ ಮುದುಡಿದ್ದರೆ ಅದು ನಂಜುರೋಗ. ಸಸ್ಯಹೇನಿನಿಂದ ಹರಡುತ್ತದೆ, ಗೆಡ್ಡೆಯೊಳಗೇ ಉಳಿಯುತ್ತದೆ. ಅದಕ್ಕೆ ಔಷಧಿ ಇಲ್ಲ. ಗೆಡ್ಡೆ ನೋಡಿದರೆ ಗೊತ್ತೂ ಆಗುವುದಿಲ್ಲ. ಅಂಥ ಗಿಡವನ್ನು ಆಗಲೇ ಕಿತ್ತು ಸುಟ್ಟುಬಿಡಿ. ಕೈ ಬರುವುದಿಲ್ಲ, ಗೊತ್ತು. ಆದರೆ ಅದನ್ನು ಪ್ರೀತಿಯಿಂದ ಇನ್ನೊಬ್ಬರಿಗೆ ಕೊಟ್ಟರೆ ಅವರ ಅಂಗಳವೂ ಹಾಳು.

ನೆಡುವುದು ಮೇ ಕೊನೆಗೆ, ರೋಹಿಣಿ ಮಳೆಯ ಹೊತ್ತಿಗೆ. ಆರ್ದ್ರಾ ಮಳೆ ಹಿಡಿಯುವಷ್ಟರಲ್ಲಿ ಗಿಡ ಮೊಣಕಾಲೆತ್ತರ ಬಂದಿರಬೇಕು. ತಡವಾದರೆ ಎಳೆ ಚಿಗುರನ್ನು ಬಸವನಹುಳ ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ನಮ್ಮ ಮಳೆಗೆ ತಗ್ಗಿನಲ್ಲಿ ನೆಟ್ಟರೆ ಕೊಳೆಯುವುದೇ ಸರಿ. ಏರಿ ಮಾಡಿ, ಸುಡುಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ, ಗೆಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲೆ ಬರುವಂತೆ ಇಡಿ. ನೆಡುವ ದಿನವೇ ಅಡಿಕೆ ದಬ್ಬೆಯ ಊರುಗೋಲನ್ನೂ ಹುಗಿಯಿರಿ. ಆಮೇಲೆ ಹುಗಿಯಲು ಹೋದರೆ ಅದು ಗೆಡ್ಡೆಯನ್ನೇ ಚುಚ್ಚುತ್ತದೆ. ಚಿಗುರು ಮೇಲೆ ಬರುವ ತನಕ ನೀರು ಹಾಕುವುದು ಬೇಡ.

ನನ್ನ ಅತ್ತೆ ಈಗಿಲ್ಲ. ನನಗೂ ವಯಸ್ಸು 60 ದಾಟಿತು. ಹಾರೆ ಎತ್ತುವಾಗ ಭುಜ ನೋಯುತ್ತದೆ. ಮೊದಲು ಎರಡು ದಿನಕ್ಕೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಆರು ದಿನ ಬೇಕು. ಗಿಡ ಕಡಿಮೆ ಮಾಡು ಅಂತ ಮನೆಯವರು ಹೇಳುತ್ತಾರೆ. ಕೆಲವು ಬಣ್ಣ ಕಡಿಮೆ ಮಾಡಿದ್ದೇನೆ ಕೂಡ. ಮುಳುಗಡೆ ಡೇರೆ ಕಡಿಮೆ ಮಾಡುವುದಿಲ್ಲ.

ಈ ಸಲ ಅದರಲ್ಲಿ ಕಣ್ಣಿರುವ ಗೆಡ್ಡೆ 11 ಸಿಕ್ಕಿವೆ. ಮೂರು ನಮಗೆ. ಮೂರು ರಿಪ್ಪನ್‌ಪೇಟೆಯ ಅಕ್ಕನಿಗೆ. ಹೋದ ಬೇಸಿಗೆಯಲ್ಲಿ ಹೆಗ್ಗಣ ಅವರ ಬುಟ್ಟಿಗೆ ನುಗ್ಗಿ ಎಲ್ಲ ತಿಂದಿದೆ, ಈಗ ಅವರು ನಮ್ಮಿಂದ ಒಯ್ಯಬೇಕು. ಎರಡು ತೀರ್ಥಹಳ್ಳಿಯಲ್ಲಿರುವ ಮಗಳಿಗೆ. ಉಳಿದ ಮೂರಕ್ಕೆ ಊರಿನ ಅಂಗನವಾಡಿಯವರು ಹೇಳಿಟ್ಟಿದ್ದಾರೆ. ಎಲ್ಲಕ್ಕೂ ಕೆಂಪು ಬಿಳಿ ದಾರ ಕಟ್ಟಿ ಜಗಲಿಯ ಮೇಲೆ ಇಟ್ಟು ಬಂದಿದ್ದೇನೆ. ಇನ್ನೂ 20 ಬುಡ ಕೀಳುವುದು ಬಾಕಿ ಇದೆ. ನಾಳೆ ಬಿಸಿಲೇರುವ ಮೊದಲೇ ಶುರು ಮಾಡಬೇಕು.

ನಮಸ್ಕಾರ.